ಕಿಟಕಿಗೆ ಕಟ್ಟಿದ ಕಾರ್ಡುಗಳು

ಮಾಂಟ್ ಕಿಯಾರಾ
18 ಫೆಬ್ರವರಿ 2024

ಪ್ರೀತಿಯ ಸೀತಾ,

ಫೋನ್ ಮಾಡಿದ್ದರೆ ಮುಗಿಯುವ ಮಾತಿಗೆ ಇವಳೇಕೆ ಅಂಚೆ ಕಚೇರಿಗೆ ಅಲೆದಳು ಎಂದು ನೀನು ಹುಬ್ಬೇರಿಸುತ್ತೀಯ. ಫೋನಿನಲ್ಲಿ ನನ್ನ ವಾಕ್ಯ ಮುಗಿಯುವ ಮೊದಲೇ ನಿನ್ನ ಬುದ್ಧಿವಾದ ಶುರುವಾಗುತ್ತದೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು. ಮೆಲಾಕಾದ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಹೋದ ಮೇಲೆ ನಮ್ಮ ಶನಿವಾರದ ಕ್ಲಾಸನ್ನು ನೀನು ಪೂರ್ತಿ ನನ್ನ ತಲೆಗೆ ಕಟ್ಟಿದೆ. ಅದರ ಬಗ್ಗೆ ನನಗೆ ಕೋಪವಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕ್ಲಾಸು ನಡೆಯುತ್ತಿದೆ. ಕ್ಲಾಂಗ್ ಬಂದರಿನ ಹಿಂದಿನ ಅದೇ ಫ್ಲ್ಯಾಟುಗಳು, ನೆಲಮಹಡಿಯ ಅದೇ ಹಾಲು. ವಾರವಿಡೀ ಇಲ್ಲಿನ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುತ್ತೇನಲ್ಲ, ಆ ಮಕ್ಕಳಿಗೆ ಗಾಜಿನ ಲ್ಯಾಬು ಇದೆ, ಆಕಳಿಕೆಯೂ ಇದೆ. ಶನಿವಾರದ ಈ ತಮಿಳು ಮಕ್ಕಳು ಬಲೂನು, ಸ್ಟ್ರಾ, ಹೋಟೆಲಿನಿಂದ ತಪಾವು ಕಟ್ಟಿಸಿಕೊಂಡು ಬಂದ ಪ್ಲಾಸ್ಟಿಕ್ ಡಬ್ಬಿ ಕಂಡರೂ ಮುಗಿಬೀಳುತ್ತಾರೆ. ನನ್ನದು ಹರಕು ತಮಿಳು, ಅವರದು ಇಂಗ್ಲಿಷು ಮಲಯ್ ಬೆರೆತ ತಮಿಳು. ನಿನಗೆ ಬರೆಯುವಾಗ ಎಲ್ಲವನ್ನೂ ಕನ್ನಡ ಮಾಡಿಬಿಡುತ್ತೇನೆ.

ಈ ಸಲ ಗಾಳಿಯ ಪಾಠ. ಬಿಳಿ ಕಾರ್ಡಿಗೆ ವ್ಯಾಸಲೀನ್ ಸವರಿ ಮನೆಯ ಕಿಟಕಿಗೆ ಕಟ್ಟುವುದು, ಮುಂದಿನ ಶನಿವಾರ ಬಿಚ್ಚಿ ತಂದು ಭೂತಗನ್ನಡಿಯಲ್ಲಿ ನೋಡುವುದು. ಅಮ್ಮಂದಿರೂ ಸೇರಿಕೊಂಡರು. ಕೆಲವರು ಅಡುಗೆಮನೆಗೂ ಒಂದು ಕಟ್ಟಿಸಿಕೊಂಡರು. ರಸ್ತೆ ಕಡೆಯ ಕಾರ್ಡುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹಿಂಬದಿಯ ಕಾರ್ಡುಗಳು ಕಪ್ಪು. ಕೊಳೆಯಲ್ಲ ಸೀತಾ, ಕಾಡಿಗೆಯಂಥ ಕಪ್ಪು. ಹಿಂಬದಿಯಲ್ಲಿ ಏನಿದೆ ಗೊತ್ತಲ್ಲ? ಹಳೆಯ ಕಂಪ್ಯೂಟರು, ವೈರುಗಳನ್ನು ಸುಟ್ಟು ತಾಮ್ರ ತೆಗೆಯುವ ಆ ಗುಜರಿ ಕಾರ್ಖಾನೆ.

ಅದನ್ನು ಮೊದಲು ಕಂಡವಳು ಯುಗೇಶ್ವರಿ. ನಿನಗೆ ಅವಳ ನೆನಪಿರಬೇಕು, ಸದಾ ಕೆಮ್ಮುವ ಹುಡುಗಿ. ಈಗ ಆರನೇ ಕ್ಲಾಸು. ಅವಳ ಅಪ್ಪ ಮುನಿಯಾಂಡಿ ಅದೇ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ, ಮನೆಯೂ ಕಾರ್ಖಾನೆಯವರು ಕೊಟ್ಟದ್ದು. ಅವಳು ಎರಡು ಕಾರ್ಡುಗಳನ್ನು ಪಕ್ಕಪಕ್ಕ ಹಿಡಿದು, "ಟೀಚರ್, ನಮ್ಮ ಕಡೆ ಗಾಳಿ ಬೇರೆ," ಎಂದಳು. ನನಗೆ ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಮುಂದೇನು ಮಾಡಲಿ, ಹೇಳು. ಈಗ ಬುದ್ಧಿವಾದ ಬೇಕು.

ನಿನ್ನ,
ಮಾನಸ

•

ಮೆಲಾಕಾ
2 ಮಾರ್ಚ್ 2024

ಮಾನಸಾ,

ಕೋಪ ಒಪ್ಪಿಕೊಂಡೆ. ಈಗ ಕೆಲಸದ ಮಾತು.

ಹೋಲಿಸಲು ಕಾರ್ಡು ಬೇಡವೇ? ಪ್ರತಿ ಮನೆಯಲ್ಲೂ ಒಂದನ್ನು ಮುಚ್ಚಿದ ಟಿಫಿನ್ ಡಬ್ಬಿಯೊಳಗೆ ಇಡಿಸು. ಅದು ಬಿಳಿಯಾಗಿಯೇ ಉಳಿದು ಹೊರಗಿನದು ಕಪ್ಪಾದರೆ ಮಾತ್ರ ಗಾಳಿಯ ಮೇಲೆ ದೂರು ಹೇಳಬಹುದು. ಅಡುಗೆಮನೆಯ ಕಾರ್ಡನ್ನು ಬೇರೆಯೇ ಇಡು. ಪ್ರತಿ ಕಾರ್ಡಿನ ಹಿಂದೆ ಮಗು ತನ್ನ ಕೈಬರಹದಲ್ಲಿ ಹೆಸರು, ಮನೆ ನಂಬರು, ತಾರೀಖು ಬರೆಯಲಿ. ನೋಡಿದವರು ಯಾರು, ಎಲ್ಲಿಂದ ನೋಡಿದರು ಎಂದು ತಿಳಿಯದ ವೀಕ್ಷಣೆಗೆ ವಾರಸುದಾರರೇ ಇಲ್ಲ. ಇದನ್ನು ಅವರಿಗೆ ಈಗಲೇ ಕಲಿಸು. ನಮಗೆ ಕಾಲೇಜಿಗೆ ಬರುವವರೆಗೂ ಯಾರೂ ಕಲಿಸಲಿಲ್ಲ.

ಕಪ್ಪಾದವುಗಳಲ್ಲಿ ಕೆಲವನ್ನು ನನಗೆ ಕಳಿಸು. ಇಲ್ಲಿ ಕಾಲೇಜಿನ ಗೆಳೆಯರೊಬ್ಬರ ಲ್ಯಾಬಿನಲ್ಲಿ ಲೋಹ ಪತ್ತೆ ಮಾಡುವ ಯಂತ್ರವಿದೆ, ಬಿಡುವಾದಾಗ ನೋಡಿಸುತ್ತೇನೆ. ಆಮೇಲೆ, ಪ್ರದರ್ಶನ ಗಿದರ್ಶನ ಎಂದು ನಮ್ಮ ಕನ್ನಡ ಬಳಗದ ರಮಾನಂದರ ಕೈಗೆ ಇದನ್ನು ಕೊಡಬೇಡ. ಅವರಿಗೆ ವಿಜ್ಞಾನವೆಂದರೂ ಶಾಲು ಹೊದೆಸುವ ಇನ್ನೊಂದು ಸಂದರ್ಭ.

ಯುಗೇಶ್ವರಿಯ ಕೆಮ್ಮನ್ನು ಡಾಕ್ಟರಿಗೆ ತೋರಿಸಿದ್ದಾರಾ?

ಸೀತಾಲಕ್ಷ್ಮಿ

•

ಮಾಂಟ್ ಕಿಯಾರಾ
12 ಮೇ 2024

ಸೀತಾ,

ರಮಾನಂದರ ಕೈಗೆ ಕೊಟ್ಟೆ. ಬೈಯುವುದಿದ್ದರೆ ಕಾಗದ ಪೂರ್ತಿ ಓದಿ ಬೈಯಿ.

ನೀನು ಹೇಳಿದ ಹಾಗೆಯೇ ಎಲ್ಲ ಮತ್ತೆ ಮಾಡಿದೆವು. ಡಬ್ಬಿಯೊಳಗಿನವು ಅಚ್ಚ ಬಿಳಿ, ಹಿಂಬದಿ ಕಿಟಕಿಯವು ಮೊದಲಿಗಿಂತ ಕಪ್ಪು. ಅವುಗಳಲ್ಲಿ ಕೆಲವನ್ನು ನಿನಗೆ ಅಂಚೆಗೆ ಹಾಕಿದ್ದೇನೆ. ಮಕ್ಕಳಿಗೆ ಎಲ್ಲರಿಗೂ ತೋರಿಸುವ ಆಸೆ. ಇಡೀ ಫ್ಲ್ಯಾಟಿಗೆ ವಿಜ್ಞಾನ ಮೇಳ ಮಾಡೋಣ ಎಂದೆ. ಆ ಹಾಲಿನಲ್ಲಿ ಅಷ್ಟು ಜನ ಹಿಡಿಸುವುದಿಲ್ಲ, ಶಾಮಿಯಾನಾ ಬೇಕು, ಊಟ ಬೇಕು. ರಮಾನಂದ ಎಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಅವರು ಬಂದರಿನಲ್ಲಿ ಸರಕು ಸಾಗಿಸುವ ವ್ಯವಹಾರದವರು, ಹತ್ತು ಕಡೆ ಕೈ ಚಾಚಬಲ್ಲರು. ನಾನೂ ಯಾರ ಮುಂದೆ ಚಾಚಿದಿರಿ ಎಂದು ಕೇಳಲಿಲ್ಲ.

ಬೆಳಿಗ್ಗೆ ಬ್ಯಾನರು ಕಟ್ಟಿದಾಗ ನೋಡಿದೆ. ಶಾಮಿಯಾನಾ ಮತ್ತು ನಾಸಿ ಲೆಮಾಕ್ ಊಟ ಆ ಗುಜರಿ ಕಾರ್ಖಾನೆಯ ಕೊಡುಗೆ. ನನಗೆ ನಗು ಬಂತು ಸೀತಾ, ನಿಜವಾಗಿಯೂ ನಕ್ಕೆ. ಅವರ ಹೊಗೆಯನ್ನು ತೋರಿಸಲು ಅವರದೇ ನೆರಳು! ಅವರೂ ನೋಡಲಿ, ನೋಡಿದರೆ ಸರಿಪಡಿಸುತ್ತಾರೆ ಎಂದುಕೊಂಡೆ. ಪ್ರಶಾಂತ ಮಾತ್ರ, "ಬ್ಯಾನರ್ ನೋಡಿದ್ಯಾ? ಕಾರ್ಡ್ಸ್ ಇವತ್ತು ಇಡ್ಬೇಡ ಕಣೆ," ಎಂದ. ಗಂಡನ ಮಾತು ಕೇಳುವ ದಿನವಲ್ಲ ಅದು, ಮಕ್ಕಳು ಆಗಲೇ ಮೇಜು ಜೋಡಿಸಿ ತಲೆ ಬಾಚಿಕೊಂಡು ನಿಂತಿದ್ದರು.

ನಮ್ಮ ಸಭೆಗಳು ನಿನಗೆ ಗೊತ್ತು. ಕೊಟ್ಟವರನ್ನು ವೇದಿಕೆಗೆ ಕರೆದು ಸನ್ಮಾನಿಸದೆ ನಮಗೆ ಊಟ ಇಳಿಯುವುದಿಲ್ಲ. ಕಾರ್ಖಾನೆಯ ಮ್ಯಾನೇಜರಿಗೆ ಮೈಸೂರು ಪೇಟ ತೊಡಿಸಿ, ಗಂಧದ ಹಾರ ಹಾಕಿ, ಶಾಲು ಹೊದೆಸಿದರು. ಫಲತಾಂಬೂಲದ ತಟ್ಟೆ ಕೊಟ್ಟವಳು ನಾನು. ಆಮೇಲೆ ಅವರು ಪೇಟದಲ್ಲೇ ಒಂದೊಂದು ಮೇಜಿಗೂ ಬಂದರು. ಯುಗೇಶ್ವರಿ ಒಂದು ಚೂರೂ ತಡವರಿಸದೆ ವಿವರಿಸಿದಳು. ಇದು ಡಬ್ಬಿಯೊಳಗಿನದು, ಇದು ರಸ್ತೆ ಕಡೆ, ಇದು ನಿಮ್ಮ ಕಾರ್ಖಾನೆಯ ಕಡೆ. ಅವರು ಬಾಗಿ, ಮೃದುವಾಗಿ, ಯಾವ ಮನೆ ನಿನ್ನದು ಎಂದು ಕೇಳಿದರು. ಅವಳು ಹೆಮ್ಮೆಯಿಂದ ಕಾರ್ಡು ತಿರುಗಿಸಿ ತೋರಿಸಿದಳು. ಅವರು ಫೋಟೊ ತೆಗೆದುಕೊಂಡರು.

ಅವಳು ನನ್ನ ಕಡೆ ನೋಡಿದಳು. ನಾನು ಹೆಬ್ಬೆರಳು ಎತ್ತಿದೆ. ಮನೆಗೆ ಬಂದ ಮೇಲಿಂದ ಆ ಫೋಟೊ ನನ್ನ ತಲೆ ತಿನ್ನುತ್ತಿದೆ.

ಮಾನಸ

•

ಮೆಲಾಕಾ
20 ಮೇ 2024

ಮಾನಸಾ,

ಪೂರ್ತಿ ಓದಿದೆ. ಬೈಯುವುದಿಲ್ಲ. ಹೆಸರು ಬರೆಸು ಎಂದವಳು ನಾನೇ ಅಲ್ಲವೇ?

ಉಳಿದ ಕಾರ್ಡುಗಳನ್ನು ಆ ಹಾಲಿನಲ್ಲಿ ಇಡಬೇಡ. ಮನೆಗೆ ತಂದಿಟ್ಟುಕೋ. ಮುನಿಯಾಂಡಿಯ ಸುದ್ದಿ ವಿಚಾರಿಸಿ ತಕ್ಷಣ ಬರೆ.

ಸೀತಾ

•

ಮಾಂಟ್ ಕಿಯಾರಾ
9 ಜೂನ್ 2024

ಸೀತಾ,

ಮುನಿಯಾಂಡಿಯನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ತೆಗೆದುಹಾಕಿಲ್ಲ, ಬರಬೇಡ ಎಂದಿದ್ದಾರೆ, ಅಷ್ಟೇ. ತೆಗೆದರೆ ಕಾರಣ ಕೊಡಬೇಕಲ್ಲ. ತಿಂಗಳ ಕೊನೆಗೆ ಮನೆ ಬಿಡಿ ಎಂದು ಬೇರೆ ಹೇಳಿದ್ದಾರಂತೆ.

ರಮಾನಂದ ನಮ್ಮ ಮನೆಗೇ ಬಂದಿದ್ದರು. ಪಾಪ, ಬೆವರುತ್ತಿದ್ದರು, ಅವರ ಕಂಟೇನರುಗಳಲ್ಲಿ ಅರ್ಧದಷ್ಟು ಆ ಕಾರ್ಖಾನೆಯವು. ಮ್ಯಾನೇಜರು ಕೆಟ್ಟವರಲ್ಲವಂತೆ, ಎಲ್ಲವನ್ನೂ ಮರೆಯಲು ಸಿದ್ಧರಂತೆ. ಎರಡು ಕೆಲಸ ಆಗಬೇಕು. ಇದು ಮಕ್ಕಳ ಆಟ, ಕಪ್ಪು ಅಡುಗೆಮನೆಯ ಹೊಗೆಯದು, ಪ್ರಯೋಗ ತಪ್ಪಾಗಿದೆ ಎಂದು ನಾನು ನನ್ನ ಡಿಗ್ರಿ ಸಮೇತ ಬರೆದುಕೊಡಬೇಕು. ಮೇಳಕ್ಕೆ ಬಂದಿದ್ದ ಫ್ಲ್ಯಾಟಿನ ಜನರ ಮುಂದೆ ಯುಗೇಶ್ವರಿ ಅದನ್ನೇ ಬಾಯಲ್ಲಿ ಹೇಳಬೇಕು. ಅಷ್ಟಾದರೆ ಅವಳ ಅಪ್ಪ ಮರುದಿನವೇ ಕೆಲಸಕ್ಕೆ ಬರಬಹುದು. "ಒಂದು ಕಾಗದ ಅಲ್ವಾ ಮಾರಾಯ್ರೆ, ಕೊಟ್ಟುಬಿಡಿ. ಅದರಿಂದ ಆ ಹೊಗೆಗೆ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ," ಎಂದರು. ಬಾಗಿಲು ತೋರಿಸಿದೆ.

ಮರುದಿನ ಮುನಿಯಾಂಡಿ ಫೋನ್ ಮಾಡಿ ಫ್ಲ್ಯಾಟಿನ ಪಕ್ಕದ ಮಾಮಕ್ ಚಹಾದಂಗಡಿಗೆ ಬರಲು ಹೇಳಿದ. ಜಗಳಕ್ಕೆ ಎಂದುಕೊಂಡು ಹೋದೆ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ನನಗೆ ಚಹಾ ತರಿಸಿ, ಮಗಳು ಈ ಕ್ಲಾಸಿನಿಂದ ಎಷ್ಟು ಜಾಣೆಯಾಗಿದ್ದಾಳೆ ಎಂದು ಹೊಗಳಿದ. ಆ ಕಪ್ಪು ಏನೆಂದು ತನಗೆ ಗೊತ್ತು, ಸಂಜೆ ಮೂಗು ಸೀನಿದರೆ ಅದೇ ಬರುತ್ತದೆ ಎಂದ. ಆಮೇಲೆ ಕೇಳಿದ.

"ನೀವು ಬರೆದುಕೊಟ್ರೆ ನಿಮಗೇನು ಹೋಗತ್ತೆ ಟೀಚರ್?"

ಇದಕ್ಕೆ ಉತ್ತರ ನಿನಗೆ ತೋಚುತ್ತದೆಯೇ?

ಮಾನಸ

•

ಮೆಲಾಕಾ
14 ಜೂನ್ 2024

ಮಾನಸಾ,

ತೋಚುತ್ತದೆ. ನಿನಗೆ ಹೋಗುವುದು ಏನೂ ಇಲ್ಲ, ಹೋಗುವುದು ಆ ಮಗುವಿಗೆ. ಕಣ್ಣಾರೆ ಕಂಡದ್ದನ್ನು ಅವಳ ಬಾಯಿಂದಲೇ ಸುಳ್ಳು ಮಾಡಿಸಿದರೆ ಇನ್ನು ಯಾವ ಮುಖ ಇಟ್ಟುಕೊಂಡು ಅವಳಿಗೆ ಏನು ಕಲಿಸುತ್ತೀಯ? ಅವಳು ಡಬ್ಬಿಯೊಳಗೆ ಕಾರ್ಡು ಇಟ್ಟಿದ್ದಾಳೆ, ಅಡುಗೆಮನೆಯದನ್ನು ಬೇರೆ ಇಟ್ಟಿದ್ದಾಳೆ. ನನ್ನ ಎಂಬಿಬಿಎಸ್ ಹುಡುಗರು ಇಷ್ಟು ಶಿಸ್ತಾಗಿ ಮಾಡುವುದಿಲ್ಲ. ಅದನ್ನು ತಪ್ಪೆಂದು ನೀನು ಬರೆಯುತ್ತೀಯ?

ಬರೆಯಬೇಡ. ಮುನಿಯಾಂಡಿಗೆ ಬೇರೆ ಕೆಲಸ ಹುಡುಕೋಣ. ನಾನೂ ಇಲ್ಲಿ ವಿಚಾರಿಸುತ್ತೇನೆ. ಲೋಹದ ಪರೀಕ್ಷೆ ಆಗಲಿದೆ, ಫಲಿತಾಂಶ ಕೈಗೆ ಬಂದರೆ ಯಾರೂ ನಮ್ಮ ಬಾಯಿ ಮುಚ್ಚಿಸಲಾರರು. ಸ್ವಲ್ಪ ದಿನ ತಡೆ. ಇಷ್ಟು ಗಟ್ಟಿಯಾಗಿ ನಿನ್ನನ್ನು ನಾನು ಎಂದೂ ಕೇಳಿಕೊಂಡಿಲ್ಲ.

ಸೀತಾ

•

ಮಾಂಟ್ ಕಿಯಾರಾ
30 ಜೂನ್ 2024

ಸೀತಾ,

ಬರೆದುಕೊಟ್ಟೆ.

ಬೇರೆ ಕೆಲಸ ಹುಡುಕುವುದು ನಿನಗೂ ನನಗೂ ಬಾಯಿಮಾತು. ಕುಲುಮೆಯ ಮುಂದೆ ವಯಸ್ಸು ಕಳೆದವನನ್ನು ಯಾರು ಕರೆಯುತ್ತಾರೆ? ನಾನೂ ಅಲೆದೆ. ಪ್ರಶಾಂತ ತನ್ನ ಆಫೀಸಿನ ಸೆಕ್ಯುರಿಟಿಯವರನ್ನು ಕೇಳಿದ. ಅಷ್ಟರಲ್ಲಿ ಅವರ ಮನೆಗೆ ಬೀಗ ಹಾಕಲು ಜನ ಬಂದರು. ಯುಗೇಶ್ವರಿಯ ಅಮ್ಮ ಗ್ಯಾಸ್ ಸಿಲಿಂಡರನ್ನು ಕಾರಿಡಾರಿಗೆ ಉರುಳಿಸುತ್ತಿದ್ದಳು. ಅವಳು ನನ್ನನ್ನು ಬೈಯಲಿಲ್ಲ, ಸ್ವಲ್ಪ ದಾರಿ ಬಿಡಿ ಟೀಚರ್ ಎಂದಳು. ಅಲ್ಲೇ ರಮಾನಂದರಿಗೆ ಫೋನ್ ಮಾಡಿದೆ.

ನಿನ್ನೆ ಹಾಲಿನಲ್ಲಿ ಜನ ಸೇರಿಸಿದರು. ನನ್ನ ಕಾಗದವನ್ನು ರಮಾನಂದ ಓದಿದರು, ನನ್ನ ಡಿಗ್ರಿಗಳನ್ನು ಒಂದೂ ಬಿಡದೆ. ಯುಗೇಶ್ವರಿಯನ್ನು ಮುಂದೆ ಕರೆದರು. ಅವಳು ಸ್ಕೂಲಿನ ಯೂನಿಫಾರಂ ಹಾಕಿಕೊಂಡು ಬಂದಿದ್ದಳು, ಯಾರು ಹಾಕಿಸಿದರೋ. ಅಪ್ಪ ಹೇಳಿಕೊಟ್ಟಿದ್ದನ್ನು ಹೇಳಿದಳು. ಕಾರ್ಡನ್ನು ಅಡುಗೆಮನೆಯಲ್ಲಿ ಇಟ್ಟಿದ್ದೆ, ಒಲೆಯ ಹೊಗೆ ತಾಗಿತ್ತು, ತಪ್ಪಾಯಿತು. ಎಲ್ಲ ಸರಿಯಾಗಿಯೇ ಹೇಳಿದಳು. ಆಮೇಲೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಯಾರೋ ನೀರು ತಂದುಕೊಟ್ಟರು. ಮ್ಯಾನೇಜರು ಅವಳ ತಲೆ ಸವರಿ, ಜಾಣೆ, ತಪ್ಪು ಒಪ್ಪಿಕೊಳ್ಳುವುದೇ ನಿಜವಾದ ವಿಜ್ಞಾನ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಸೀತಾ. ಕೈ ಸುಮ್ಮನಿದ್ದರೆ ಅವರು ನೋಡುತ್ತಾರೆ ಎಂದು ಹೆದರಿಕೆಯಾಯಿತು.

ಕೆಳಗಿಳಿದು ಅವಳು ನೇರ ನನ್ನ ಹತ್ತಿರ ಬಂದಳು. ಅಳುತ್ತಾಳೆಂದು ತೋಳು ಚಾಚಿದೆ. ಅವಳು ಅಳಲಿಲ್ಲ.

"ಸರಿಯಾಗಿ ಹೇಳಿದ್ನಾ ಟೀಚರ್?"

ಹೌದು ಎಂದೆ. ಮುನಿಯಾಂಡಿ ಇವತ್ತು ಕೆಲಸಕ್ಕೆ ಹೋದ. ನೀನು ಏನು ಬೇಕಾದರೂ ಅನ್ನು, ನನಗೆ ಆ ಸಿಲಿಂಡರು ವಾಪಸು ಮನೆಯೊಳಗೆ ಹೋಗಬೇಕಿತ್ತು.

ಮಾನಸ

•

ಮೆಲಾಕಾ
25 ಆಗಸ್ಟ್ 2024

ಮಾನಸಾ,

ನಿನ್ನ ಕಾಗದ ಬಂದ ದಿನ ಉತ್ತರ ಬರೆದು ಹರಿದೆ. ಇನ್ನು ನಿನ್ನ ಸಹವಾಸ ಸಾಕು ಎಂದು ಬರೆದಿದ್ದೆ. ಫೋನಿನಲ್ಲಿ ನಿನ್ನ ನಂಬರನ್ನೂ ತಡೆದಿದ್ದೆ, ನಿನಗೆ ಗೊತ್ತಾಗಿರಬೇಕು. ಈಗ ಬರೆಯುತ್ತಿರುವುದು ನಿನ್ನನ್ನು ಕ್ಷಮಿಸಿದ್ದೇನೆಂದು ಅಲ್ಲ. ಕ್ಷಮಿಸುವ ಯೋಗ್ಯತೆ ನನಗೆ ಉಳಿದಿಲ್ಲ.

ಫಲಿತಾಂಶ ಬಂತು. ಕಾರ್ಡುಗಳಲ್ಲಿರುವುದು ಸೀಸ. ಇರಬಾರದಷ್ಟು ಇದೆ. ಕೆಮ್ಮು ಅದರ ಸಣ್ಣ ಭಾಗ. ಸೀಸ ಮಕ್ಕಳ ರಕ್ತಕ್ಕೆ ಸೇರಿದರೆ ಮಿದುಳಿಗೆ ಹೋಗುತ್ತದೆ. ಕಲಿತದ್ದು ನಿಲ್ಲುವುದಿಲ್ಲ, ಹೊಸದು ಹತ್ತುವುದಿಲ್ಲ. ಹೋದದ್ದನ್ನು ಯಾವ ಔಷಧಿಯೂ ಮರಳಿ ತರುವುದಿಲ್ಲ. ಇದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ.

ಫಲಿತಾಂಶದ ಕಾಗದ ಹಿಡಿದು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಒಳ್ಳೆಯವರು, ಕೂರಿಸಿ ನಡೆದದ್ದನ್ನೆಲ್ಲ ಕೇಳಿದರು. ಕಾಲೇಜಿನ ಅನುಮತಿ ಇಲ್ಲದೆ ಕಾಲೇಜಿನ ಯಂತ್ರದಲ್ಲಿ ಮಾಡಿದ ಪರೀಕ್ಷೆ ಇದು ಎಂದರು. ಪ್ರಯೋಗ ಮಾಡಿಸಿದ ಟೀಚರೇ ತಪ್ಪೆಂದು ಬರೆದುಕೊಟ್ಟ ಕಾರ್ಡುಗಳಿಗೆ ಯಾರು ಬೆಲೆ ಕೊಡುತ್ತಾರೆ ಎಂದರು. ಬಾಗಿಲವರೆಗೂ ಬಂದು, "ನಿಮ್ಮ ಕೆಲಸದ ವೀಸಾ ರಿನ್ಯೂ ಆಗೋದು ಮುಂದಿನ ತಿಂಗಳಲ್ವಾ?" ಎಂದು ನೆನಪಿಸಿದರು. ಬೆದರಿಕೆ ಅಲ್ಲ, ಕಾಳಜಿಯಿಂದಲೇ ಕೇಳಿದರು.

ಆ ಫಲಿತಾಂಶದ ವರದಿಗೆ ನಾನು ಸಹಿ ಹಾಕಲಿಲ್ಲ ಮಾನಸಾ. ಒಂದು ಪ್ರತಿ ಮಾಡಿ, ನನ್ನ ಹೆಸರು, ಕಾಲೇಜಿನ ಹೆಸರು ಕತ್ತರಿಸಿ, ಪರಿಸರ ಇಲಾಖೆಗೆ ಅಂಚೆಯಲ್ಲಿ ಕಳಿಸಿದೆ. ಅಂಚೆ ಕಚೇರಿಯಿಂದ ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಹನ್ನೆರಡು ವರ್ಷದ ಹುಡುಗಿಗೆ ಹೆಸರು ಬರೆ ಎಂದಿದ್ದೆ.

ಯುಗೇಶ್ವರಿಯ ಮನೆಯವರಿಗಾದರೂ ನೀನು ಹೋಗಿ ಹೇಳು. ಮಗುವಿನ ರಕ್ತಪರೀಕ್ಷೆ ಮಾಡಿಸಲು ಹೇಳು.

ಸೀತಾ

•

ಮಾಂಟ್ ಕಿಯಾರಾ
10 ನವೆಂಬರ್ 2024

ಪ್ರೀತಿಯ ಸೀತಾ,

ಹೇಳಿದೆ. ನಿನ್ನ ಕಾಗದ ಬಂದ ವಾರವೇ ಹೋದೆ. ಮುನಿಯಾಂಡಿ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡ. ರಕ್ತಪರೀಕ್ಷೆ ಮಾಡಿಸಿ ಆ ಹೆಸರಿನ ಕಾಯಿಲೆ ಎಂದು ಬಂದರೆ, ಎಲ್ಲಿಂದ ಬಂತು ಎಂದು ಆಸ್ಪತ್ರೆಯವರು ಕೇಳುವುದಿಲ್ಲವೇ ಎಂದ. ಕೇಳುತ್ತಾರೆ ಎಂದೆ. ಹಾಗಾದರೆ ಬೇಡ ಟೀಚರ್ ಎಂದ. ಹಿಂಬದಿಯ ಕಿಟಕಿಗೆ ಹಲಗೆ ಹೊಡೆದಿದ್ದಾರೆ. ಮನೆಯೊಳಗೆ ಹಗಲೂ ದೀಪ ಬೇಕು. ಎಲ್ಲಾದರೂ ದೂರ ಹೋಗಿ ಎಂದು ನಾನು ಹೇಳಲಿಲ್ಲ, ಎಲ್ಲಿಗೆ ಎಂದರೆ ನನ್ನ ಹತ್ತಿರ ಏನಿದೆ?

ನೀನು ಕಳಿಸಿದ್ದು ತಲುಪಿರಬೇಕು. ಕಳೆದ ತಿಂಗಳು ಕಾರ್ಖಾನೆಗೆ ಇಲಾಖೆಯಿಂದ ಇಬ್ಬರು ಬಂದಿದ್ದರಂತೆ. ಮ್ಯಾನೇಜರು ನನ್ನ ಕಾಗದ ತೋರಿಸಿದರಂತೆ. ಅವರು ಓದಿ, ಚಹಾ ಕುಡಿದು ಹೋದರು. ಇದನ್ನು ಸಂತೋಷದ ಸುದ್ದಿಯ ಹಾಗೆ ನನಗೆ ತಿಳಿಸಿದವರು ರಮಾನಂದ. ನಿಮ್ಮಿಂದ ದೊಡ್ಡ ಉಪಕಾರವಾಯಿತು, ಬಳಗದ ವಾರ್ಷಿಕೋತ್ಸವದಲ್ಲಿ ನಿಮ್ಮನ್ನು ಸನ್ಮಾನಿಸಬೇಕೆಂದಿದ್ದೇವೆ ಎಂದರು. ಅವರ ಮಾತಿನ ನಡುವೆಯೇ ಫೋನು ಇಟ್ಟೆ.

ಕ್ಲಾಸು ನಿಲ್ಲಿಸಿಬಿಡು ಎಂದು ಪ್ರಶಾಂತ ಹೇಳುತ್ತಲೇ ಇದ್ದ. ಜುಲೈಯಿಂದ ನಿಲ್ಲಿಸಿಯೇ ಇದ್ದೆ. ಆದರೆ ಅಮ್ಮಂದಿರು ಮತ್ತೆ ಮತ್ತೆ ಫೋನ್ ಮಾಡಿದರು, ಮಕ್ಕಳು ಕೇಳುತ್ತಿದ್ದಾರೆ ಟೀಚರ್, ಏನೂ ಆಗಿಲ್ಲವಲ್ಲ, ಬನ್ನಿ ಎಂದು. ನಿನ್ನೆ ಹೋದೆ. ಯಾರಿಗೂ ನೋವಾಗದ ಪ್ರಯೋಗ ಯಾವುದು ಎಂದು ವಾರವಿಡೀ ಯೋಚಿಸಿ ಎರಡು ಕಿತ್ತಳೆ ಹಣ್ಣು, ಒಂದು ಬಕೆಟ್ ನೀರು ಆರಿಸಿಕೊಂಡೆ. ಸಿಪ್ಪೆ ಇರುವ ಹಣ್ಣು ತೇಲುತ್ತದೆ, ಸುಲಿದದ್ದು ಮುಳುಗುತ್ತದೆ. ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಅಲ್ಲವೇ?

ಎಲ್ಲರೂ ಬಂದಿದ್ದರು. ಯುಗೇಶ್ವರಿಯೂ ಬಂದಿದ್ದಳು, ತುಂಬ ಸೊರಗಿದ್ದಾಳೆ. ಮೊದಲಾದರೆ ಬಕೆಟ್ಟಿಗೆ ತಲೆ ತೂರಿಸಿ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ನಿನ್ನೆ ಸಾಲಾಗಿ ಕೂತರು. ಹಣ್ಣುಗಳನ್ನು ನೀರಿಗೆ ಬಿಟ್ಟೆ. ಒಂದು ತೇಲಿತು, ಒಂದು ತಳಕ್ಕೆ ಹೋಯಿತು. ಏನು ಕಂಡಿರೋ ಬರೆಯಿರಿ ಎಂದೆ. ಯಾರೂ ಪೆನ್ಸಿಲು ಎತ್ತಲಿಲ್ಲ. ಒಬ್ಬರೂ ಬಕೆಟ್ಟಿನ ಕಡೆ ನೋಡುತ್ತಿರಲಿಲ್ಲ ಸೀತಾ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮತ್ತೆ ಹೇಳಿದೆ. ಆಗ ಯುಗೇಶ್ವರಿ ಕೈಯೆತ್ತಿದಳು. ವ್ಯಂಗ್ಯವಿರಲಿಲ್ಲ, ಕೋಪವೂ ಇರಲಿಲ್ಲ. ನನಗೆ ಸಹಾಯ ಮಾಡುವವಳ ಹಾಗೆ ಮೆಲ್ಲಗೆ ಕೇಳಿದಳು.

"ನೀವೇ ಹೇಳಿಬಿಡಿ ಟೀಚರ್. ನಾವು ಏನು ಕಂಡ್ರೆ ಒಳ್ಳೇದು?"

ನಿನ್ನ,
ಮಾನಸ